ನಾಲ್ಕು ಇಂಚಿನ ನೆಲ

ಡಿಸೆಂಬರ್ ಕಳೆದು ಜನವರಿ ಹುಟ್ಟುವ ಹೊತ್ತಿಗೆ ಅಮೆರಿಕದ ಮಿನ್ನೆಸೋಟ ರಾಜ್ಯದ ನಕಾಶೆ ಸುಳ್ಳು ಹೇಳತೊಡಗುತ್ತದೆ. ಸುಮಾರು 1.32 ಲಕ್ಷ ಎಕರೆ ಹರಡಿಕೊಂಡ ಮಿಲ್ ಲ್ಯಾಕ್ಸ್ ಸರೋವರ ಕಾಗದದ ಮೇಲೆ ನೀಲಿಯಾಗಿಯೇ ಇರುತ್ತದೆ. ಹೋಗಿ ನೋಡಿದರೆ ನೀಲಿಯ ಸುಳಿವಿಲ್ಲ, ಬರೀ ಬಿಳಿ ಬಯಲು. ಬಯಲಿನ ಮೇಲೊಂದು ರಸ್ತೆ. ದಡದ ರೆಸಾರ್ಟಿನವರು ಹಿಮ ಗೋರಿ ಮಾಡಿದ ರಸ್ತೆ ಅದು. ಅದಕ್ಕೆ ಅವರು ಸುಂಕವನ್ನೂ ವಸೂಲು ಮಾಡುತ್ತಾರೆ. ದಾರಿ ತಪ್ಪದಿರಲೆಂದು ಅಂಚಿನಲ್ಲಿ ಗುರುತು ನೆಟ್ಟಿರುತ್ತಾರೆ. ಹಬ್ಬ ಮುಗಿದ ಮೇಲೆ ಯಾರಿಗೂ ಬೇಡವಾದ ಕ್ರಿಸ್‌ಮಸ್ ಗಿಡಗಳಿಗೆ ಎಷ್ಟೋ ಕಡೆ ಸಿಗುವ ಎರಡನೆಯ ಕೆಲಸ ಇದು. ಮಂಜುಗಡ್ಡೆ ಬಾಯಿಬಿಟ್ಟ ಕಡೆ, ಎಳೆದು ತಂದು ಹಾಸುವಂಥ ಸೇತುವೆ. ರಸ್ತೆಯ ಆಚೀಚೆ ಮನೆಗಳು, ಮನೆಗಳ ಮಗ್ಗುಲಲ್ಲಿ ಪಿಕಪ್ ಟ್ರಕ್ಕುಗಳು, ಅಲ್ಲೊಂದು ಇಲ್ಲೊಂದು ಚಿಮಣಿಯಲ್ಲಿ ಹೊಗೆ. ಊರು ಅನ್ನಬೇಕು, ಅಷ್ಟು ಮಂದಿ. ಈ ಊರಿನ ಅಡಿಯಲ್ಲಿ ನಲವತ್ತು ಅಡಿಯವರೆಗೂ ನೀರಿದೆ.

ಮನೆಗಳ ಒಳಗಿನ ಜನ ಮೀನು ಹಿಡಿಯುತ್ತಿದ್ದಾರೆ.

ಕೆರೆ ಏರಿಯ ಮೇಲೆ ಬೀಡಿ ಕಚ್ಚಿಕೊಂಡು ಗಾಳ ಹಾಕಿ ಕೂತವರನ್ನು ನೋಡಿ ಬೆಳೆದ ಕನ್ನಡಿಗನಿಗೆ ಇದರಲ್ಲಿ ಅರ್ಧ ಗುರುತು ಸಿಗುತ್ತದೆ, ಅರ್ಧ ಸಿಗುವುದಿಲ್ಲ. ಗಾಳ ಗೊತ್ತು, ಎರೆ ಗೊತ್ತು, ಗಂಟೆಗಟ್ಟಲೆ ಸುಮ್ಮನೆ ಕೂರುವುದಂತೂ ಚೆನ್ನಾಗಿ ಗೊತ್ತು. ಆದರೆ ಕೆರೆಯ ನಟ್ಟನಡುವೆ ಕಾರು ನಿಲ್ಲಿಸಿ, ಕಾಲಡಿಯ ನೆಲಕ್ಕೇ ಬೈರಿಗೆ ಹಾಕಿ, ಆ ತೂತಿನಲ್ಲಿ ದಾರ ಇಳಿಬಿಟ್ಟು ಕೂರುವ ಧೈರ್ಯ ಬೇರೆಯದು. ಅದೂ ಎಂಥ ಚಳಿಯಲ್ಲಿ! ಇದೇ ರಾಜ್ಯದ ಟವರ್ ಎಂಬ ಊರಿನಲ್ಲಿ 1996ರ ಫೆಬ್ರುವರಿ 2ರಂದು ಉಷ್ಣಾಂಶ ಸೊನ್ನೆಗಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿತ್ತು.

ಮೀನಿಗಾಗಿ ಇಷ್ಟೆಲ್ಲ ಮಾಡುತ್ತಾರೆ ಎಂದುಕೊಂಡರೆ ಲೆಕ್ಕ ಕೂಡುವುದಿಲ್ಲ. ಬೈರಿಗೆ, ಹೀಟರು, ಬೂಟು, ಡೀಸೆಲ್ಲು, ರಸ್ತೆ ಸುಂಕ ಎಲ್ಲ ಸೇರಿಸಿ ಸಂಜೆ ಬಕೆಟ್ಟಿನಲ್ಲಿರುವ ಮೀನಿನಿಂದ ಭಾಗಿಸಿದರೆ, ಅಂಗಡಿಯ ಮೀನು ಧರ್ಮಕ್ಕೆ ಸಿಕ್ಕಂತೆ. ಸೆಳೆತ ಬೇರೆಲ್ಲೋ ಇದೆ. ಅದರಲ್ಲೊಂದು ತೀರಾ ಸರಳ: ಚಳಿಗಾಲ ಕೆರೆಯನ್ನು ಬಡವನಿಗೂ ಬಿಟ್ಟುಕೊಡುತ್ತದೆ. ಮಿನ್ನೆಸೋಟದಲ್ಲಿ ಹತ್ತು ಎಕರೆಗಿಂತ ದೊಡ್ಡ ಕೆರೆಗಳೇ 11,842 ಇವೆ. ಬೇಸಿಗೆಯಲ್ಲಿ ಅವುಗಳ ನಡುನೀರು ದೋಣಿ ಇದ್ದವರ ಸೊತ್ತು. ದೋಣಿಯಿಲ್ಲದವನು ದಡದಲ್ಲಿ ನಿಂತು ದಾರ ಬೀಸಬೇಕು. ಮಂಜುಗಡ್ಡೆ ಕಟ್ಟಿತೆಂದರೆ, ಕೈಬೈರಿಗೆಯೊಂದು, ಪ್ಲಾಸ್ಟಿಕ್ ಬಕೆಟ್ಟೊಂದು ಇದ್ದವನು ಕೆರೆಯ ಯಾವ ಮೂಲೆಗಾದರೂ ನಡೆದು ಹೋಗಬಹುದು. ಬಕೆಟ್ಟು ಹೋಗುವಾಗ ಸಾಮಾನಿನ ಚೀಲ, ಅಲ್ಲಿ ಬೋರಲು ಹಾಕಿದರೆ ಕುರ್ಚಿ, ಬರುವಾಗ ಅದೃಷ್ಟವಿದ್ದರೆ ಮೀನಿನ ಬುಟ್ಟಿ.

ಇನ್ನೊಂದು ತುದಿಯಲ್ಲಿ ಗಾಲಿಮನೆಗಳಿವೆ. ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗಿ, ಹಿಡಿ ತಿರುಗಿಸಿ ಗಾಲಿಗಳನ್ನು ಮೇಲೆತ್ತಿದರೆ ಮನೆ ಮಂಜಿನ ಮೇಲೆ ಕುಕ್ಕರುಗಾಲಲ್ಲಿ ಕೂರುತ್ತದೆ. ಒಳಗೆ ಮಂಚ, ಒಲೆ, ಟಿ.ವಿ., ಕೆಲವದರಲ್ಲಿ ಶೌಚಾಲಯ. ನೆಲದಲ್ಲಿ ಡಬ್ಬಿಯ ಮುಚ್ಚಳದಂಥ ಮುಚ್ಚಳಗಳು. ತೆಗೆದರೆ ಕಪ್ಪು ನೀರು. ಗೋಡೆಗೆ ಬಡಿದ ಪುಟ್ಟ ರಾಟೆಗೆ ದಾರ ಸುತ್ತಿರುತ್ತಾರೆ. ರಾಟೆಯ ಹೊಟ್ಟೆಯಲ್ಲಿ ಗಿಲಿಗಿಲಿ ಅನ್ನುವ ಕಾಳುಗಳು. ರಾತ್ರಿ ಎರಡು ಗಂಟೆಗೆ ಮೀನು ಕಚ್ಚಿ ಎಳೆದರೆ ರಾಟೆ ತಿರುಗಿ ಕೂಸಿನ ಗಿಲಕಿಯಂತೆ ಸದ್ದು ಮಾಡುತ್ತದೆ. ಮಲಗಿದ್ದವರೆಲ್ಲ ಕಾಲುಚೀಲದಲ್ಲೇ ಎದ್ದು ಕತ್ತಲಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ. ಬೇಟೆ ಎಂಬ ದೊಡ್ಡ ಮಾತು ಇದಕ್ಕೆ ಒಪ್ಪುವುದಿಲ್ಲ. ಹಳ್ಳಿಯ ಅಜ್ಜಿಮನೆಯಲ್ಲಿ ರಜೆಗೆ ಸೇರಿದ ಮಕ್ಕಳ ಗೌಜು ಎನ್ನಬಹುದು. 1993ರಲ್ಲಿ ಬಂದ ‘ಗ್ರಂಪಿ ಓಲ್ಡ್ ಮೆನ್’ ಸಿನಿಮಾದಲ್ಲಿ ಜಾಕ್ ಲೆಮ್ಮನ್ ಮತ್ತು ವಾಲ್ಟರ್ ಮಥಾವ್ ಮಿನ್ನೆಸೋಟದ ವಬಾಶಾ ಊರಿನ ಇಬ್ಬರು ಮುದುಕರಾಗಿ ಇಂಥ ಪೆಟ್ಟಿಗೆಮನೆಗಳ ನಡುವೆಯೇ ಜಗಳಾಡುತ್ತಾರೆ.

ಎಲ್ಲರೂ ಕಾಯುವ ಮೀನಿನ ಹೆಸರು ವಾಲೈ. ರಾಜ್ಯದ ಅಧಿಕೃತ ಮೀನು ಅದು. ಕಣ್ಣಿನ ಹಿಂದೆ ಬೆಕ್ಕಿಗಿರುವಂತೆ ಬೆಳಕನ್ನು ಮರಳಿಸುವ ಪದರವಿರುವುದರಿಂದ ಮಬ್ಬು ನೀರಿನಲ್ಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಆಹಾರದ ಮೀನುಗಳಿಗೆ ಕಾಣುವುದಿಲ್ಲ. ಹಾಗಾಗಿ ಅದರ ಊಟದ ಹೊತ್ತು ಮುಂಜಾವು, ಮುಸ್ಸಂಜೆ. ಮಂಜುಗಡ್ಡೆಯ ಕೆಳಗೆ ಚಳಿಗೆ ಅದರ ಮೈಯೂ ಮಂದವಾಗಿರುತ್ತದೆ. ಬೇಸಿಗೆಯಲ್ಲಿ ಎಗರಿ ಬೀಳುವ ಮೀನು ಈಗ ಬಂದು, ಮೂಸಿ, ಯೋಚಿಸಿ, ಬಹುಪಾಲು ಹಿಂದಿರುಗುತ್ತದೆ.

ಈ ಮೂಸುವಿಕೆಯನ್ನು ಮೇಲೆ ಕೂತವನು ನೋಡಬಲ್ಲ. ಫ್ಲ್ಯಾಶರ್ ಎಂಬ ಧ್ವನಿಯಂತ್ರ ಅವನ ಪಕ್ಕದಲ್ಲಿರುತ್ತದೆ. ಗೋಡೆ ಗಡಿಯಾರದಂಥ ದುಂಡು ಮುಖ, ಅದರ ಸುತ್ತ ಬಣ್ಣದ ಗೆರೆಗಳು. ಒಂದು ಕಡೆ ಕೆರೆಯ ತಳ ದಪ್ಪ ಪಟ್ಟಿಯಾಗಿ ಕಾಣುತ್ತದೆ. ಅದರಿಂದ ಸ್ವಲ್ಪ ಮೇಲೆ ತೆಳು ಹಸಿರು ಗೆರೆ. ಅದು ಅವನದೇ ಗಾಳ. ಗಾಳವನ್ನು ಒಂದಿಷ್ಟು ಎತ್ತಿದರೆ ಗೆರೆಯೂ ಏಳುತ್ತದೆ. ಹತ್ತು ನಿಮಿಷ, ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ತಳದ ಪಟ್ಟಿಯಿಂದ ಇನ್ನೊಂದು ಗೆರೆ ಕಳಚಿಕೊಂಡು ನಿಧಾನವಾಗಿ ಏಳುತ್ತದೆ, ಹತ್ತಿರ ಬಂದಂತೆ ಕೆಂಪಗಾಗುತ್ತದೆ. ಎರಡು ಗೆರೆಗಳು ಕೂಡಿದವೋ, ಮೀನು ಎದುರಿಗೇ ಬಂದು ನಿಂತಿದೆ ಎಂದರ್ಥ. ಆಗ ಗಾಳ ಕುಣಿಸಬೇಕೋ, ಸುಮ್ಮನಿರಬೇಕೋ? ಸುಮ್ಮನಿದ್ದರೆ ಬೇಸತ್ತು ಹೋದೀತು, ಕುಣಿಸಿದರೆ ಹೆದರಿ ಹೋದೀತು. ಅನುಭವಿಗಳು ಗಾಳವನ್ನು ಒಂದು ಗೇಣು ಮೇಲೆಳೆಯುತ್ತಾರೆ. ಕೆಂಪು ಗೆರೆ ಹಿಂಬಾಲಿಸಿ ಎದ್ದರೆ ಮೀನಿಗೆ ಆಸೆ ಹುಟ್ಟಿದೆ. ಎಷ್ಟೋ ಸಲ ಅದು ಅಲ್ಲಿಯವರೆಗೆ ಬಂದು, ಬಂದಷ್ಟೇ ನಿಧಾನವಾಗಿ ತಳಕ್ಕೆ ಇಳಿದು, ಪಟ್ಟಿಯೊಳಗೆ ಕರಗಿಬಿಡುತ್ತದೆ. ಬಕೆಟ್ಟಿನ ಮೇಲೆ ಕೂತವನು ಅಷ್ಟೂ ಹೊತ್ತು ಉಸಿರು ಬಿಗಿಹಿಡಿದಿರುತ್ತಾನೆ. ಕೈ ಮರಗಟ್ಟಿರುವುದು ಗೊತ್ತಾಗುವುದು ಆಮೇಲೆ.

ಇಂಥ ಯಂತ್ರವನ್ನು ಬೇಸಿಗೆಯ ದೋಣಿಯಿಂದ ಮಂಜಿನ ಮೇಲೆ ತಂದು, ಒಂದೇ ತೂತಿನ ಮುಂದೆ ಋಷಿಯಂತೆ ಕೂರುವುದನ್ನು ಬಿಟ್ಟು ತೂತಿನಿಂದ ತೂತಿಗೆ ಮೀನನ್ನು ಅರಸಿ ಓಡಾಡುವುದನ್ನು ಕಲಿಸಿದವರಲ್ಲಿ ಮಿನ್ನೆಸೋಟದ ಡೇವ್ ಗೆಂಜ್ ಹೆಸರು ಮುಂಚೂಣಿಯಲ್ಲಿದೆ. 1980ರ ದಶಕದಲ್ಲಿ ಅವರು ರೂಪಿಸಿದ, ಜಾರುಬಂಡಿಯ ಮೇಲೆ ಮಡಚಿಟ್ಟುಕೊಂಡು ಬೇಕಾದಾಗ ತಲೆಯ ಮೇಲೆ ಎಳೆದುಕೊಳ್ಳುವ ಗುಡಾರ ಈ ಆಟದ ಸ್ವರೂಪವನ್ನೇ ಬದಲಿಸಿತು. ಅವರಿಗಿಂತ ಬಹು ಹಿಂದೆ ಈ ಕೆರೆಗಳ ದಡದಲ್ಲಿ ಬಾಳಿದ ಮೂಲನಿವಾಸಿ ಒಜಿಬ್ವೆ ಜನರಿಗೆ ಯಂತ್ರದ ಹಂಗಿರಲಿಲ್ಲ. ತೂತಿನ ಸುತ್ತ ಬೆಳಕು ಬಾರದಂತೆ ಮರೆ ಕಟ್ಟಿ, ಒಳಗೆ ಬೋರಲು ಮಲಗುತ್ತಿದ್ದರು. ಮೇಲೆ ಕತ್ತಲೆಯಾದರೆ ಕೆಳಗಿನ ನೀರು ತಾನೇ ಬೆಳಗುತ್ತದೆ; ಹಿಮದ ಮೂಲಕ ಸೋಸಿ ಬಂದ ಬೆಳಕು ತಳದ ಕಲ್ಲುಗಳನ್ನೂ ತೋರಿಸುತ್ತದೆ. ಮರದಲ್ಲಿ ಕೆತ್ತಿದ ಸುಳ್ಳುಮೀನನ್ನು ಆ ನೀರಿನಲ್ಲಿ ಈಜಾಡಿಸಿ, ನಿಜವಾದದ್ದು ಬಂದಾಗ ಈಟಿ ಇಳಿಸುವುದು. ವಿಸ್ಕಾನ್ಸಿನ್ನಿನ ಲ್ಯಾಕ್ ಡು ಫ್ಲಾಂಬೊ ಪ್ರದೇಶದಲ್ಲಿ ಕೆತ್ತಿದ ಇಂಥ ಮರದ ಮೀನುಗಳನ್ನು ಇಂದು ಕಲಾಸಂಗ್ರಾಹಕರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಕತ್ತಲಮನೆಯ ಈಟಿಬೇಟೆ ಮಿನ್ನೆಸೋಟದಲ್ಲಿ ಇವತ್ತಿಗೂ ಉಳಿದಿದೆ. ಟಿ.ವಿ. ಇರುವ ಗಾಲಿಮನೆಗಿಂತ ನೋಡಲು ಅದೇ ಚೆಂದ ಎಂದು ವಾದಿಸುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ.

ಇನ್ನು ಅಪಾಯದ ಮಾತು. ಮೀನುಗಾರರ ಬಾಯಲ್ಲಿ ಚಳಿಗಾಲಕ್ಕೆ ಎರಡು ಸುಗ್ಗಿಗಳಿವೆ, ‘ಫಸ್ಟ್ ಐಸ್’ ಮತ್ತು ‘ಲಾಸ್ಟ್ ಐಸ್’. ಕೆರೆ ಹೊಸದಾಗಿ ಕಟ್ಟಿದಾಗ ನೀರಿನಲ್ಲಿ ಆಮ್ಲಜನಕ ಧಾರಾಳ, ಮೀನು ದಡದ ಹತ್ತಿರದ ಪಾಚಿಗಿಡಗಳಲ್ಲೇ ಓಡಾಡಿಕೊಂಡಿರುತ್ತದೆ. ನಡುಚಳಿಗಾಲದಲ್ಲಿ ಅದು ಆಳಕ್ಕೆ ಸರಿದು ಮಂಕಾಗುತ್ತದೆ. ಮಾರ್ಚಿನಲ್ಲಿ ಕರಗಿದ ನೀರು ಒಳಗಿಳಿದಾಗ ಮತ್ತೆ ಚುರುಕಾಗುತ್ತದೆ. ಅಂದರೆ ಮೀನು ಚೆನ್ನಾಗಿ ಕಚ್ಚುವ ದಿನಗಳೂ ಕಾಲಡಿಯ ನೆಲ ತೀರಾ ನಂಬಿಕೆಗೆಟ್ಟಿರುವ ದಿನಗಳೂ ಒಂದೇ. ಈ ಜೋಡಿಯನ್ನು ಯಾವ ಸಲಕರಣೆಯಿಂದಲೂ ಬಿಡಿಸಲಾಗುವುದಿಲ್ಲ.

ರಾಜ್ಯದ ಉತ್ತರದ ಅಪ್ಪರ್ ರೆಡ್ ಲೇಕ್ ‘ಫಸ್ಟ್ ಐಸ್’ ಹುಚ್ಚಿಗೆ ಹೆಸರಾದ ಜಾಗ. ವಿಸ್ತಾರ ದೊಡ್ಡದು, ಆಳ ಇಪ್ಪತ್ತು ಅಡಿಯೂ ಇಲ್ಲ. ತಟ್ಟೆಯಲ್ಲಿ ಹರಡಿದ ಸಾರು ಬೇಗ ಆರುವಂತೆ ಬೇಗ ಹೆಪ್ಪುಗಟ್ಟುತ್ತದೆ. ಜೊತೆಗೆ ಅದರ ಮೀನಿಗೊಂದು ಕಥೆಯಿದೆ. 1990ರ ದಶಕದಲ್ಲಿ ವಾಲೈ ಸಂತತಿ ಕುಸಿದು, ರೆಡ್ ಲೇಕ್ ಬುಡಕಟ್ಟಿನ ಆಡಳಿತವೂ ರಾಜ್ಯವೂ ಒಪ್ಪಂದ ಮಾಡಿಕೊಂಡು ಆ ಮೀನು ಹಿಡಿಯುವುದನ್ನೇ ನಿಲ್ಲಿಸಿದ್ದವು. ಮೀನು ಮತ್ತೆ ತುಂಬಿದ ಮೇಲೆ 2006ರಲ್ಲಿ ಬಾಗಿಲು ತೆರೆಯಿತು. ಅಂದಿನಿಂದ ಚಳಿಗಾಲ ಕಾಲಿಟ್ಟ ಕೂಡಲೇ ದಕ್ಷಿಣದ ನಗರಗಳಿಂದ ಟ್ರಕ್ಕುಗಳ ಸಾಲು ಅತ್ತ ಹೊರಡುತ್ತದೆ.

2023ರ ಡಿಸೆಂಬರ್ 29ರ ಸಂಜೆ ಅಲ್ಲಿ ಗಾಳ ಹಾಕಿದ್ದವರ ಕಾಲಡಿಯ ನೆಲ ದಡ ಬಿಟ್ಟು ಹೊರಟಿತು. ಗಾಳಿಗೆ ಮಂಜಿನ ಹಾಸು ಸೀಳಿ, ದಡದ ಕಡೆಯ ಅಂಚಿಗೂ ಜನರಿದ್ದ ಹಾಸಿಗೂ ನಡುವೆ ಸುಮಾರು ಮೂವತ್ತು ಅಡಿ ಕಪ್ಪು ನೀರು ತೆರೆದುಕೊಂಡಿತ್ತು. ರಕ್ಷಣಾ ದಳ ಬರುವ ಮೊದಲೇ ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದ ಸಣ್ಣ ದೋಣಿಯಲ್ಲಿ ಜನರನ್ನು ದಾಟಿಸಲು ಹೋಗಿ, ನಾಲ್ವರು ನೀರಿಗೆ ಬಿದ್ದರು. ಕತ್ತಲಾಗುತ್ತಿತ್ತು. ಹಾಸಿನ ಮೇಲೆ ಚದುರಿದ್ದವರಲ್ಲಿ ಹಲವರಿಗೆ ತಾವು ತೇಲುತ್ತಿದ್ದೇವೆ ಎಂಬುದು ತಿಳಿಯುವ ಬಗೆಯೇ ಇರಲಿಲ್ಲ; ಬಿರುಕು ಮೈಲುಗಳಾಚೆ ಬಿಟ್ಟಿದ್ದರೆ ಗುಡಾರದೊಳಗಿನ ಹೀಟರು, ಚಹಾ, ದಾರ ಎಲ್ಲವೂ ಇದ್ದಂತೆಯೇ ಇರುತ್ತವೆ. ಬೆಲ್ಟ್ರಾಮಿ ಕೌಂಟಿಯ ಷರೀಫರ ಕಚೇರಿ ಎಲ್ಲರ ಮೊಬೈಲಿಗೆ ತುರ್ತು ಸಂದೇಶ ಹಾಕಿ, ಎಲ್ಲಿಗೆ ಬಂದು ಸೇರಬೇಕೆಂದು ತಿಳಿಸಿತು. ಕೆಲವೇ ಗಂಟೆಗಳಲ್ಲಿ 122 ಜನರನ್ನು ದಾಟಿಸಲಾಯಿತು. ಎಲ್ಲರೂ ಬದುಕಿ ಬಂದರು.

ಲೇಕ್ ಈರಿಯ ಕಥೆ ಅಷ್ಟು ಸುಖವಾಗಿ ಮುಗಿಯಲಿಲ್ಲ. 2009ರ ಫೆಬ್ರುವರಿ 7ರಂದು ಒಹಾಯೊ ರಾಜ್ಯದ ದಡದಾಚೆ ವಾಲೈ ಅರಸಿ ಹೋದವರು ದಾರಿಯಲ್ಲೊಂದು ಬಿರುಕು ಕಂಡಿದ್ದರು. ಕಂಡವರು ಹಿಂದಿರುಗಲಿಲ್ಲ. ಸಾಮಾನು ಸಾಗಿಸುವ ಮರದ ಹಲಗೆಗಳನ್ನು ತಂದು ಬಿರುಕಿನ ಮೇಲೆ ಹಾಸಿ, ಸೇತುವೆ ಮಾಡಿಕೊಂಡು ದಾಟಿದರು. ಒಬ್ಬ ದಾಟಿದ ಮೇಲೆ ಇನ್ನೊಬ್ಬನಿಗೆ ಅದು ದಾರಿಯಾಯಿತು, ಮೂರನೆಯವನಿಗೆ ಹೆದ್ದಾರಿ. ಬಿಸಿಲೇರಿತು, ಗಾಳಿ ದಡದಿಂದ ಬೀಸತೊಡಗಿತು, ಬಿರುಕು ಹಲಗೆಗಿಂತ ಅಗಲವಾಯಿತು. ಹೆಲಿಕಾಪ್ಟರು, ಗಾಳಿದೋಣಿಗಳು ಬಂದು 134 ಮಂದಿಯನ್ನು ಕರೆತಂದವು. ನೀರಿಗೆ ಬಿದ್ದ ಒಬ್ಬರು ಉಳಿಯಲಿಲ್ಲ. ಅಂದು ಅಲ್ಲಿದ್ದವರು ಚಳಿಗಾಲವಿಡೀ ಮಂಜಿನ ಮೇಲೆಯೇ ಕಳೆಯುವ ಜನ, ಐಸ್ ಬಗ್ಗೆ ಏನೂ ತಿಳಿಯದ ಪ್ರವಾಸಿಗಳಲ್ಲ. ಗೊತ್ತಿಲ್ಲದವನು ಹೆದರಿ ದಡದಲ್ಲೇ ನಿಲ್ಲುತ್ತಾನೆ. ಮುಂದೆ ಹೋದವನ ಗಾಲಿಗುರುತನ್ನು ನಂಬಿ ನುಗ್ಗುವವನು ಹತ್ತು ವರ್ಷ ಏನೂ ಆಗದೆ ಮನೆಗೆ ಬಂದವನೇ.

ಹಾಗಾದರೆ ಯಾವುದನ್ನು ನಂಬಬೇಕು? ಅಳತೆಯನ್ನು. ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಲೆಕ್ಕ ಅಲ್ಲಿ ಮಗ್ಗಿಯಷ್ಟೇ ಪರಿಚಿತ. 4 ಇಂಚಿಗಿಂತ ಕಡಿಮೆಯಿದ್ದರೆ ದಡದಲ್ಲಿರಿ. 4 ಇಂಚು, ಎಂದರೆ ಹತ್ತು ಸೆಂಟಿಮೀಟರು ಇದ್ದರೆ ನಡೆದು ಹೋಗಬಹುದು. ಸ್ನೋಮೊಬೈಲಿಗೆ 5ರಿಂದ 7 ಇಂಚು, ಸಣ್ಣ ಕಾರಿಗೆ 9–10, ಮಧ್ಯಮ ಗಾತ್ರದ ಟ್ರಕ್ಕಿಗೆ 13. ಗಾಲಿಮನೆ ಎಳೆಯುವ ಭಾರೀ ಟ್ರಕ್ಕಾದರೆ 20 ದಾಟಿರಬೇಕು. ಆ ಪಟ್ಟಿಯ ಜೊತೆಗೇ ಇನ್ನೊಂದು ಮಾತೂ ಇರುತ್ತದೆ: ಯಾವ ಮಂಜುಗಡ್ಡೆಯೂ ನೂರಕ್ಕೆ ನೂರು ಸುರಕ್ಷಿತವಲ್ಲ.

ನಾಲ್ಕೇ ಇಂಚು ಆಳನ್ನು ಹೊರುತ್ತದೆಯೇ ಎಂದು ಅನುಮಾನಿಸುವವರಿಗೆ ಕೆನಡಾದ ಲಾರ್ನ್ ಗೋಲ್ಡ್ ಉತ್ತರ ಕೊಟ್ಟಿದ್ದಾರೆ. ಆ ದೇಶದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದ ಅವರು, ಮರದ ದಿಮ್ಮಿ ಸಾಗಿಸುವ ಲಾರಿಗಳು ಮಂಜಿನ ಮೇಲೆ ಎಲ್ಲಿ ಪಾರಾದವು, ಎಲ್ಲಿ ಮುಳುಗಿದವು ಎಂಬ ವಿವರಗಳನ್ನು ಕಲೆಹಾಕಿ ಒಂದು ಸೂತ್ರ ಕೊಟ್ಟರು. ಹೊರುವ ಶಕ್ತಿ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ: ದಪ್ಪ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಇದನ್ನೇ ತಿರುಗಿಸಿ ಓದಿದರೆ ಎದೆ ಸ್ವಲ್ಪ ಝಲ್ಲೆನ್ನುತ್ತದೆ. ನಾಲ್ಕು ಇಂಚು ಇದ್ದದ್ದು ಹತ್ತು ಹೆಜ್ಜೆ ಮುಂದೆ ಎರಡಾಗಿದ್ದರೆ, ಅಲ್ಲಿ ಉಳಿದ ಬಲ ಅರ್ಧವಲ್ಲ, ಕಾಲುಭಾಗ.

ಹತ್ತು ಹೆಜ್ಜೆಯಲ್ಲಿ ಹಾಗೆ ಆಗುವುದು ಅಪರೂಪವೇನಲ್ಲ. ತೊರೆ ಬಂದು ಸೇರುವ ಬಾಯಿ, ತಳದ ಒರತೆ, ಸೇತುವೆಯ ಕೆಳಗು, ಜೊಂಡು ಬೆಳೆದ ಅಂಚು, ಇಲ್ಲೆಲ್ಲ ನೀರು ಅಲುಗಾಡುತ್ತ ಮಂಜುಗಡ್ಡೆಯನ್ನು ಒಳಗಿನಿಂದ ಕೆರೆಯುತ್ತಿರುತ್ತದೆ. ಹಿಮ ಬಿದ್ದ ಜಾಗ ಗಟ್ಟಿ ಎಂದು ಕಣ್ಣು ಹೇಳುತ್ತದೆ; ನಿಜದಲ್ಲಿ ಹಿಮ ಕಂಬಳಿ, ಅದು ಮೇಲಿನ ಚಳಿ ಕೆಳಗಿಳಿಯದಂತೆ ತಡೆದು ಐಸ್ ತೆಳುವಾಗಿಯೇ ಉಳಿಯುವಂತೆ ಮಾಡುತ್ತದೆ. ಬಣ್ಣವೂ ಮಾತಾಡುತ್ತದೆ. ಗಾಜಿನಂತೆ ಪಾರದರ್ಶಕವಾಗಿ, ಕೆಳಗಿನ ನೀರಿನ ಕಪ್ಪು ಕಾಣುವಂತಿದ್ದರೆ ಅದು ಗಟ್ಟಿ. ಕರಗಿದ ಹಿಮ ಮತ್ತೆ ಕಟ್ಟಿ ಆದ ಬಿಳಿಯ ಐಸಿಗೆ ಅದರ ಅರ್ಧದಷ್ಟೇ ಬಲ, ಹಾಗಾಗಿ ಲೆಕ್ಕವನ್ನು ಎರಡರಷ್ಟು ಮಾಡಿಕೊಳ್ಳಬೇಕು. ಬೂದುಬಣ್ಣಕ್ಕೆ ತಿರುಗಿದ್ದರೆ ಹಿಂದೆ ಬನ್ನಿ. ಮಾರ್ಚಿನ ಮಂಜುಗಡ್ಡೆ ಇನ್ನೂ ಮೋಸಗಾರ. ಅಳೆದರೆ ಒಂದೂವರೆ ಅಡಿ ದಪ್ಪ ಇರುತ್ತದೆ, ಬಿಸಿಲು ಮಾತ್ರ ಹರಳಿನ ಸಂದುಗಳಲ್ಲಿ ಇಳಿದು ಅದನ್ನು ನೆಟ್ಟಗೆ ನಿಂತ ಮೇಣದಬತ್ತಿಗಳ ಕಟ್ಟನ್ನಾಗಿ ಮಾಡಿರುತ್ತದೆ. ಕಾಲಿಟ್ಟರೆ ಬತ್ತಿಗಳು ಬಿಡಿಬಿಡಿಯಾಗಿ ಸರಿದುಕೊಳ್ಳುತ್ತವೆ.

ಅದಕ್ಕೇ ಹಳಬರ ಕೈಯಲ್ಲಿ ಹಾರೆ. ಕುರುಡನ ಕೋಲಿನಂತೆ ಅದನ್ನು ಮುಂದೆ ಕುಟ್ಟುತ್ತ ನಡೆಯುತ್ತಾರೆ. ಒಂದೆರಡು ಪೆಟ್ಟಿಗೆ ಹಾರೆ ಒಳಗೆ ಹೋಯಿತೋ, ಬಂದ ಹೆಜ್ಜೆಯ ಮೇಲೆಯೇ ಹಿಂದಕ್ಕೆ. ಸದ್ದಿಗೆ ಮಾತ್ರ ಅವರು ಹೊಸಬರಷ್ಟು ಬೆಚ್ಚುವುದಿಲ್ಲ. ಚಳಿಯ ರಾತ್ರಿಯಲ್ಲಿ ಕೆರೆ ಗುಡುಗುತ್ತದೆ, ನರಳುತ್ತದೆ, ಕೆಲವೊಮ್ಮೆ ವಿಡಿಯೊ ಗೇಮಿನ ಬಂದೂಕಿನಂತೆ ‘ಪಿಯೂಂ’ ಎನ್ನುತ್ತದೆ. ಉಷ್ಣಾಂಶ ಬದಲಾದಾಗ ಹಾಸು ಹಿಗ್ಗಿ ಕುಗ್ಗಿ ಸೀಳುವ ಸದ್ದದು. ಮಂಜಿನ ತೆಳು ಹಾಸಿನಲ್ಲಿ ಸಣ್ಣ ಸ್ವರ ದಪ್ಪ ಸ್ವರಕ್ಕಿಂತ ಬೇಗ ಓಡುವುದರಿಂದ ದೂರದಲ್ಲಿದ್ದವನ ಕಿವಿಗೆ ಹಾಗೆ ಕೇಳುತ್ತದೆ. ಬಹಳ ಸಲ ಐಸ್ ಬೆಳೆಯುತ್ತಿದೆ ಎನ್ನುವುದಕ್ಕೂ ಇದೇ ಸೂಚನೆ. ಮೊದಲ ಸಲ ಮಂಜಿನ ಮನೆಯಲ್ಲಿ ಮಲಗಿದವನಿಗೆ ಈ ಭೌತಶಾಸ್ತ್ರ ಗೊತ್ತಿದ್ದರೂ ನಿದ್ದೆ ಬರುವುದಿಲ್ಲ.

ಕಾರು ತಂದವರಿಗೆ ಬೇರೆ ಪಾಠಗಳಿವೆ. ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ ಓಡಿಸಬೇಕು. ಬೇರೆಲ್ಲ ಕಡೆ ದಂಡ ಬೀಳುವ ನಡವಳಿಕೆ ಇಲ್ಲಿ ಜೀವ ಉಳಿಸುತ್ತದೆ. ವೇಗ ಬೇಡ, ಯಾಕೆಂದರೆ ಓಡುವ ಗಾಡಿಯ ಕೆಳಗೆ ನೀರಿನಲ್ಲಿ ಅಲೆ ಏಳುತ್ತದೆ, ಅದು ದಡಕ್ಕೆ ಬಡಿದು ತಿರುಗಿ ಬಂದು ಐಸನ್ನು ಕೆಳಗಿನಿಂದ ಒಡೆಯಬಲ್ಲದು. ಗಾಡಿಗಳ ನಡುವೆ ಐವತ್ತು ಅಡಿ ಅಂತರವಿರಲಿ, ಎರಡು ಗಂಟೆಗೊಮ್ಮೆ ಜಾಗ ಬದಲಾಗಲಿ. ಕಾರಿನ ಪಕ್ಕ ಒಂದು ತೂತು ಕೊರೆದಿಡುವುದು ಇವೆಲ್ಲಕ್ಕಿಂತ ಜಾಣತನದ ಉಪಾಯ. ಮಂಜುಗಡ್ಡೆ ನೀರಿಗಿಂತ ಹಗುರ, ಹಾಗಾಗಿ ಒಂದು ಅಡಿ ದಪ್ಪದ ಹಾಸಿನಲ್ಲಿ ತೂತಿನ ನೀರು ಮೇಲ್ಮೈಗಿಂತ ಸುಮಾರು ಒಂದು ಇಂಚು ಕೆಳಗೆ ನಿಲ್ಲುತ್ತದೆ. ಆ ನೀರು ಏರಿ ತೂತಿನ ಬಾಯಿಂದ ಹೊರಚೆಲ್ಲಿದರೆ ಕಾರಿನ ಭಾರಕ್ಕೆ ಹಾಸು ತಗ್ಗುತ್ತಿದೆ. ಚಹಾ ಲೋಟ ಅಲ್ಲೇ ಬಿಟ್ಟು ಕೀಲಿ ಹುಡುಕಬೇಕು.

ಇಷ್ಟಾದರೂ ಬಿದ್ದರೆ? ‘ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು’ ಎನ್ನುವ ಗಾದೆಯನ್ನು ಗಾರ್ಡನ್ ಗೀಸ್‌ಬ್ರೆಕ್ಟ್ ಒಪ್ಪಲಾರರು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಈ ಶರೀರಶಾಸ್ತ್ರಜ್ಞ ಹತ್ತಾರು ಸಲ ತಾವೇ ತಣ್ಣೀರಿಗಿಳಿದು ಮೈಯ ಬಿಸಿಯನ್ನು ಅಪಾಯದ ಮಟ್ಟಕ್ಕೆ ಇಳಿಸಿಕೊಂಡವರು. ‘ಪ್ರೊಫೆಸರ್ ಪಾಪ್ಸಿಕಲ್’ ಎಂಬ ಅಡ್ಡಹೆಸರು ಅದಕ್ಕೇ ಬಂತು. ಅವರು ಜನಪ್ರಿಯಗೊಳಿಸಿದ ಸೂತ್ರ: ಒಂದು, ಹತ್ತು, ಒಂದು. ಮೊದಲ ಒಂದು ನಿಮಿಷ ಎದೆ ತಾನಾಗಿ ಏದುತ್ತದೆ. ಆಗ ತಲೆ ಮೇಲಿಟ್ಟು ಉಸಿರು ಹಿಡಿತಕ್ಕೆ ತಂದುಕೊಳ್ಳುವುದೊಂದೇ ಕೆಲಸ. ಆಮೇಲೆ ಹತ್ತು ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ಮೈ ತಣ್ಣಗಾಗಿ ಎಚ್ಚರ ತಪ್ಪಲು ಸುಮಾರು ಒಂದು ಗಂಟೆ ಬೇಕು. ಬಿದ್ದ ಕೂಡಲೇ ಸತ್ತೆ ಎಂದು ಎದೆಗುಂದಿ ಆ ಹತ್ತು ನಿಮಿಷವನ್ನು ಹಾಳು ಮಾಡಿಕೊಳ್ಳಬೇಡಿ ಎನ್ನುವುದು ಅವರ ತಕರಾರು. ಬಂದ ದಿಕ್ಕಿಗೇ ತಿರುಗಬೇಕು, ಏಕೆಂದರೆ ಆ ಕಡೆಯ ಐಸ್ ಈಗಷ್ಟೇ ಆಳನ್ನು ಹೊತ್ತಿತ್ತು. ಮೊಣಕೈ ಮೇಲಿಟ್ಟು, ಕಾಲನ್ನು ಈಜುವಂತೆ ಹಿಂದಕ್ಕೆ ಬಡಿದು, ಹೊಟ್ಟೆಯ ಮೇಲೆ ಜಾರಿ ಹೊರಬರಬೇಕು. ಬಂದಮೇಲೆ ಎದ್ದು ನಿಲ್ಲದೆ ಉರುಳಿಕೊಂಡು ದೂರ ಹೋಗಬೇಕು. ಹಗ್ಗದಲ್ಲಿ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡ ಎರಡು ಮೊಳೆಹಿಡಿಗಳಿದ್ದರೆ ಒದ್ದೆ ಮಂಜನ್ನು ಬೆಕ್ಕಿನಂತೆ ಪರಚಿ ಹಿಡಿಯಬಹುದು. ಅವು ಚೀಲದ ತಳದಲ್ಲಿದ್ದರೆ ಇಲ್ಲದಂತೆಯೇ. ಹತ್ತು ನಿಮಿಷದಲ್ಲೂ ಹೊರಬರಲಾಗದಿದ್ದರೆ, ಕೈಗಳನ್ನು ಮಂಜಿನ ಮೇಲೆ ಚಾಚಿ ಅಲುಗದೆ ಇರಬೇಕು. ಒದ್ದೆ ತೋಳು ಐಸಿಗೆ ಅಂಟಿ ಹೆಪ್ಪುಗಟ್ಟಿದರೆ ಎಚ್ಚರ ತಪ್ಪಿದ ಮೇಲೂ ಮೈ ಮುಳುಗುವುದಿಲ್ಲ.

ತೇಲುವ ಜಾಕೆಟ್ಟು ತೊಟ್ಟಿದ್ದರೆ ಮೊದಲ ನಿಮಿಷ ಬಹಳ ಸಲೀಸು. ಮುಚ್ಚಿದ ಕಾರಿನೊಳಗೆ ಮಾತ್ರ ಅದನ್ನು ತೊಡಬಾರದು; ಕಾರು ಮುಳುಗಿದರೆ ಅದು ಮನುಷ್ಯನನ್ನು ಚಾವಣಿಗೆ ಅಂಟಿಸಿಬಿಡುತ್ತದೆ. ನೀರು ಮುಟ್ಟದೆಯೂ ಸಾವು ಬರುವ ದಾರಿಯೊಂದಿದೆ. ಚಳಿಗೆ ಸಂದುಗೊಂದುಗಳನ್ನೆಲ್ಲ ಹಿಮದಿಂದ ಮುಚ್ಚಿ, ಒಳಗೆ ಗ್ಯಾಸ್ ಹೀಟರು ಹೊತ್ತಿಸಿ ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರ, ವಾಕರಿಕೆ. ಕುಡಿದಿದ್ದವನು ಅದನ್ನು ಬಿಯರಿನ ಲೆಕ್ಕಕ್ಕೆ ಬರೆದುಕೊಂಡು ಮಲಗುತ್ತಾನೆ. ಗೋಡೆಯಲ್ಲೊಂದು ಗಾಳಿಗಿಂಡಿ, ಒಂದು ಅಲಾರಂ, ಅಷ್ಟು ಸಾಕು ಇದಕ್ಕೆ.

ಈ ಆಟವನ್ನು ಜಾತ್ರೆಯಾಗಿಸಿ, ಅಪಾಯವನ್ನು ಹೆಚ್ಚುಕಡಿಮೆ ಹೊರಗಿಟ್ಟವರು ದಕ್ಷಿಣ ಕೊರಿಯನ್ನರು. ಉತ್ತರ ಕೊರಿಯದ ಗಡಿಗೆ ಹತ್ತಿರದ ಹ್ವಾಚನ್ ಎಂಬ ಪುಟ್ಟ ಕೌಂಟಿ 2003ರಲ್ಲಿ ಸಾನ್‌ಚನಿಯೊ ಮೀನಿನ ಹಬ್ಬ ಶುರುಮಾಡಿತು. ಚಳಿ ಕೈಕೊಡದ ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಅಳತೆ ಹಿಡಿದು ಕೊರೆದ ಸಾವಿರಾರು ತೂತುಗಳು. ಮಂಜಿನ ಕೆಳಗೆ ಮುಳುಗುಗಾರರು ಇಳಿದು ಹಾಸನ್ನು ತಪಾಸಣೆ ಮಾಡುತ್ತಾರೆ. ಮೀನು ಸಾಕಣೆ ಕೇಂದ್ರಗಳಿಂದ ಬರುತ್ತದೆ. ಪ್ರಾಣಿದಯಾ ಸಂಘಟನೆಗ­ಳಿಗೆ ಈ ಏರ್ಪಾಡಿನ ಮೇಲೆ ಸಿಟ್ಟಿದೆ, 2020ರಲ್ಲಿ ಅವು ದೂರನ್ನೂ ಕೊಟ್ಟವು. ಮಿನ್ನೆಸೋಟದ ಮುದುಕರಿಗೆ ತೋರಿಸಿದರೆ ಅವರ ತಕರಾರು ಬೇರೆಯೇ ಇದ್ದೀತು: ಇಷ್ಟು ಗ್ಯಾರಂಟಿ ಇದ್ದಮೇಲೆ ಕಾಯುವುದೇನು ಬಂತು?

ಅವರದೂ ಒಂದು ಜಾತ್ರೆಯಿದೆ. ಬ್ರೇನರ್ಡ್ ಊರಿನ ಜೇಸೀಸ್ ಸಂಸ್ಥೆಯವರು ಗಲ್ ಲೇಕ್‌ನಲ್ಲಿ ದಾನಧರ್ಮಕ್ಕಾಗಿ ನಡೆಸುವ ಸ್ಪರ್ಧೆ ಅದು. ಸಾವಿರಾರು ಸ್ಪರ್ಧಿಗಳಿಗಾಗಿ ಮೊದಲೇ ಸಾವಿರಾರು ತೂತು ಕೊರೆದಿಡುತ್ತಾರೆ. ಅದು ನಡೆಯುವ ಕೊಲ್ಲಿಯ ಹೆಸರು ‘ಹೋಲ್ ಇನ್ ದ ಡೇ’. ಹಗಲಿನಲ್ಲಿ ತೂತು ಎಂದು ಅರ್ಥ ಬರುವ ಈ ಹೆಸರು ಮೀನುಗಾರರ ತಮಾಷೆಯಲ್ಲ, ಹಿಂದಿನ ಒಜಿಬ್ವೆ ನಾಯಕರೊಬ್ಬರದು. 2024ರಲ್ಲಿ ಈ ಜಾತ್ರೆ ನಡೆಯಲಿಲ್ಲ. ಆ ಚಳಿಗಾಲ ಮಿನ್ನೆಸೋಟದ ದಾಖಲೆಯಲ್ಲೇ ಅತಿ ಬೆಚ್ಚಗಿನದು. ಅಷ್ಟು ಜನರನ್ನು ಹೊರುವಷ್ಟು ಐಸ್ ಕಟ್ಟಲೇ ಇಲ್ಲ. ಹ್ವಾಚನ್ ಹಬ್ಬವನ್ನೂ 2020ರಲ್ಲಿ ಮಳೆ ಮತ್ತು ಸೆಕೆಯ ಕಾರಣ ಮುಂದೂಡಬೇಕಾಯಿತು.

ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ಸಪ್ನಾ ಶರ್ಮ ಮತ್ತು ಸಂಗಡಿಗರು ಹತ್ತು ದೇಶಗಳಲ್ಲಿ ಚಳಿಗಾಲದಲ್ಲಿ ಮುಳುಗಿ ಸತ್ತ ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ಹವಾಮಾನದ ದಾಖಲೆಗಳ ಜೊತೆ ಇಟ್ಟು ನೋಡಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಳಿಗಾಲದ ಉಷ್ಣಾಂಶ ಸೊನ್ನೆ ಡಿಗ್ರಿಯ ಹತ್ತಿರ ಬಂದಷ್ಟೂ ಸಾವು ಹೆಚ್ಚುತ್ತದೆ. ಹಳೆಯ ಚಳಿಗಾಲದಲ್ಲಿ ಜನವರಿ ಎಂದರೆ ಜನವರಿ. ಅಪ್ಪ ಯಾವ ತಾರೀಖಿಗೆ ಟ್ರಕ್ಕು ಇಳಿಸುತ್ತಿದ್ದನೋ ಮಗನೂ ಅದೇ ತಾರೀಖಿಗೆ ಇಳಿಸಬಹುದಿತ್ತು. ಈಗ ಕಟ್ಟುವುದು, ಕರಗುವುದು, ಮತ್ತೆ ಕಟ್ಟುವುದು ನಡೆದು, ಹಾಸಿನಲ್ಲಿ ಗಾಜಿನ ಪದರ, ಬಿಳಿ ಪದರ, ನಡುವೆ ನೀರು ಹೀಗೆ ಪದರಪೇಣಿಯಾಗಿರುತ್ತದೆ. ತಾರೀಖಿನ ಮೇಲಿನ ಭರವಸೆ ಕೆಲಸಕ್ಕೆ ಬಾರದು. ಬೈರಿಗೆಯನ್ನು ನೂರು ಮಾರಿಗೊಮ್ಮೆ ಇಳಿಸಿ ಅಳೆಯಬೇಕು, ನಿನ್ನೆ ಅಳೆದಿದ್ದರೂ.

ಮಾರ್ಚಿನಲ್ಲಿ ಮನೆಗಳನ್ನು ಕಿತ್ತೊಯ್ಯಲು ಸರ್ಕಾರ ಗಡುವು ಹಾಕಿದೆ. ದಕ್ಷಿಣದ ಕೆರೆಗಳಿಗೆ ಮೊದಲು, ಉತ್ತರಕ್ಕೆ ಎರಡು ವಾರ ತಡವಾಗಿ. ಗಡುವಿನ ಹಿಂದಿನ ಶನಿವಾರ ಹಾಸಿನ ಮೇಲೆ ಗೃಹಪ್ರವೇಶದ ತಿರುಗುಮುರುಗು. ಮನೆಯ ಮೂಲೆಗಳಿಗೆ ಕೊಟ್ಟ ಮರದ ದಿಮ್ಮಿಗಳು ಹಗಲ ಬಿಸಿಲಿಗೆ ಇಳಿದು, ರಾತ್ರಿಯ ಚಳಿಗೆ ಕಚ್ಚಿಕೊಂಡು ಕೂತಿರುತ್ತವೆ. ಅವನ್ನು ಹಾರೆಯಿಂದ ಮೀಟಿ, ಕೊಡಲಿಯಿಂದ ಕೆತ್ತಿ ಬಿಡಿಸಬೇಕು. ಬಿಟ್ಟು ಹೋದರೆ ಬೇಸಿಗೆಯಲ್ಲಿ ಯಾವುದೋ ದೋಣಿಯ ಹೊಟ್ಟೆಗೆ ಬಡಿಯುತ್ತವೆ. ಮೂರು ದಿಮ್ಮಿ ಬಂದಿರುತ್ತವೆ, ನಾಲ್ಕನೆಯದು ಹಟ ಹಿಡಿದಿರುತ್ತದೆ. ಬೆವರು ಒರೆಸಿಕೊಳ್ಳುವ ನೆಪದಲ್ಲಿ ಒಬ್ಬ ನಿಲ್ಲುತ್ತಾನೆ, ಟ್ರಕ್ಕಿನ ಪಕ್ಕದ ತೂತಿನ ಕಡೆಗೆ ನೋಡುತ್ತಾನೆ. ನೀರು ಇನ್ನೂ ಅಂಚಿಗಿಂತ ಒಂದು ಬೆರಳು ಕೆಳಗಿದೆ. ಅವನು ಮತ್ತೆ ಹಾರೆ ಎತ್ತಿಕೊಳ್ಳುತ್ತಾನೆ.